1763ರ ಗೆಲುವೇ ಬ್ರಿಟನ್ನಿನ ಕೈಯಿಂದ ಅಮೆರಿಕ ಜಾರಲು ಕಾರಣವಾಯಿತೇ?

ಹಳೆಭೂಪಟ (ಚರ್ಚೆ ಆರಂಭಿಸಿದವರು)

ನಮ್ಮ ಶಾಲಾ ಪಠ್ಯಗಳಲ್ಲಿ ಅಮೆರಿಕದ ಕ್ರಾಂತಿಯ ಪಾಠ ಬಾಸ್ಟನ್ ಬಂದರಿನ ಚಹಾ ಪೆಟ್ಟಿಗೆಗಳಿಂದ, ಹೆಚ್ಚೆಂದರೆ ವಸಾಹತುಗಳ ಕಾಗದಪತ್ರಗಳ ಮೇಲೆ ಸುಂಕ ಹಾಕಿದ 1765ರ ಸ್ಟಾಂಪ್ ಕಾಯ್ದೆಯಿಂದ ಆರಂಭವಾಗುತ್ತದೆ. ಹಟಮಾರಿ ದೊರೆಯೊಬ್ಬ ತೆರಿಗೆ ಹಾಕಿದ, ಸ್ವಾತಂತ್ರ್ಯಪ್ರಿಯ ಜನ ತಿರುಗಿಬಿದ್ದರು ಎಂಬಲ್ಲಿಗೆ ವಿಷಯ ಮುಗಿಯುತ್ತದೆ. ಆದರೆ ನೂರೈವತ್ತು ವರ್ಷ ವಸಾಹತುಗಳನ್ನು ಬಹುಮಟ್ಟಿಗೆ ಅವುಗಳ ಪಾಡಿಗೆ ಬಿಟ್ಟಿದ್ದ ಬ್ರಿಟನ್ನಿಗೆ ಆ ಹೊತ್ತಿನಲ್ಲೇ ತೆರಿಗೆಯ ನೆನಪು ಏಕಾಯಿತು ಎಂದು ಕೇಳಿಕೊಂಡರೆ, ಕಥೆಯನ್ನು ಓಹಾಯೋ ನದಿಯ ಕಣಿವೆಗೆ ಒಯ್ಯಬೇಕಾಗುತ್ತದೆ.

1749ರಲ್ಲಿ ವರ್ಜೀನಿಯದ ಶ್ರೀಮಂತ ಜಮೀನುದಾರರು ಕಟ್ಟಿಕೊಂಡಿದ್ದ ಓಹಾಯೋ ಕಂಪನಿಗೆ ಬ್ರಿಟಿಷ್ ದೊರೆ ಆ ಕಣಿವೆಯಲ್ಲಿ ಎರಡು ಲಕ್ಷ ಎಕರೆ ಭೂಮಿಯನ್ನು ಮಂಜೂರು ಮಾಡಿದ. ಅದೇ ಕಣಿವೆಯನ್ನು ಫ್ರಾನ್ಸ್ ಕೂಡ ತನ್ನದೆಂದು ಹೇಳುತ್ತಿತ್ತು, ಏಕೆಂದರೆ ತನ್ನ ವಶದಲ್ಲಿದ್ದ ಕೆನಡಾವನ್ನೂ ಲೂಯಿಸಿಯಾನವನ್ನೂ ಜೋಡಿಸುವ ದಾರಿ ಅದೇ ಆಗಿತ್ತು. ಇಂದಿನ ಪಿಟ್ಸ್‌ಬರ್ಗ್ ಇರುವ ನದಿಗಳ ಸಂಗಮದಲ್ಲಿ ಫ್ರೆಂಚರು ಡ್ಯೂಕೇನ್ ಕೋಟೆಯನ್ನು ಕಟ್ಟಿದರು. 1754ರ ಮೇ 28ರಂದು, ವರ್ಜೀನಿಯದ ಸೈನ್ಯದಲ್ಲಿದ್ದ ಇಪ್ಪತ್ತೆರಡು ವರ್ಷದ ಜಾರ್ಜ್ ವಾಷಿಂಗ್ಟನ್ ಮೂಲನಿವಾಸಿ ಮಿಂಗೋ ಜನರ ನಾಯಕ ತನಚರಿಸನ್ ಜೊತೆಗೂಡಿ ಜುಮೊನ್‌ವಿಲ್ ಎಂಬ ಅಧಿಕಾರಿಯ ಫ್ರೆಂಚ್ ತುಕಡಿಯ ಮೇಲೆ ಬಿದ್ದ; ಜುಮೊನ್‌ವಿಲ್ ಸತ್ತ. ಆ ಕಾಡಿನ ಚಕಮಕಿಯಿಂದ ಹೊತ್ತಿಕೊಂಡ ಜಗಳವು ಎರಡು ವರ್ಷಗಳಲ್ಲಿ ಯುರೋಪು, ಕೆರಿಬಿಯನ್, ಪಶ್ಚಿಮ ಆಫ್ರಿಕ ಮತ್ತು ನಮ್ಮ ಕರ್ನಾಟಿಕ್ ಪ್ರಾಂತ್ಯದವರೆಗೆ ಹಬ್ಬಿದ ಸಪ್ತವಾರ್ಷಿಕ ಯುದ್ಧವಾಯಿತು.

ಬ್ರಿಟನ್ ಗೆದ್ದಿತು. 1759ರಲ್ಲಿ ಕ್ವಿಬೆಕ್, 1760ರಲ್ಲಿ ಮಾಂಟ್ರಿಯಲ್, ಅದೇ ವರ್ಷದ ಆರಂಭದಲ್ಲಿ ನಮ್ಮ ಕರ್ನಾಟಿಕ್‌ನ ವಾಂದಿವಾಶ್, 1761ರಲ್ಲಿ ಪಾಂಡಿಚೇರಿ. 1763ರ ಪ್ಯಾರಿಸ್ ಒಪ್ಪಂದದ ವೇಳೆಗೆ ಉತ್ತರ ಅಮೆರಿಕದ ಮುಖ್ಯ ಭೂಭಾಗದಿಂದ ಫ್ರಾನ್ಸ್ ಅಳಿಸಿಹೋಗಿತ್ತು. ನನ್ನ ವಾದವಿಷ್ಟೇ: ಪ್ರತಿಸ್ಪರ್ಧಿಯನ್ನು ಹೊರದಬ್ಬಿದ ಆ ಗೆಲುವೇ ವಸಾಹತುಗಳು ಬ್ರಿಟನ್ನಿಗೆ ಅಂಟಿಕೊಂಡಿರಲು ಇದ್ದ ದೊಡ್ಡ ಕಾರಣವನ್ನು ಇಲ್ಲವಾಗಿಸಿತು, ಜೊತೆಗೆ ಅವರನ್ನು ರೊಚ್ಚಿಗೆಬ್ಬಿಸುವಂಥ ಸಾಲದ ಹೊರೆಯನ್ನೂ ತಂದಿತು. ಬಲ್ಲವರು ಒಪ್ಪುತ್ತೀರೋ, ತಿದ್ದುತ್ತೀರೋ ನೋಡೋಣ.

ಮಲೆನಾಡ ಓದುಗ

ವಾದ ಚೆನ್ನಾಗಿದೆ, ಆದರೆ ಇದರಲ್ಲಿ ವಸಾಹತುಗಳ ಜನರೇ ಕಾಣೆಯಾಗಿದ್ದಾರೆ. ಲಂಡನ್ ಮತ್ತು ಪ್ಯಾರಿಸ್ ಚದುರಂಗ ಆಡಿದವು, ಅಮೆರಿಕದವರು ಕಾಯಿಗಳಾಗಿದ್ದರು ಎಂಬ ಭಾವ ಬರುತ್ತದೆ. ವರ್ಜೀನಿಯದ ಪ್ರತಿನಿಧಿ ಸಭೆ 1619ರಿಂದ ಇತ್ತು. ತಮ್ಮ ಮೇಲಿನ ತೆರಿಗೆಯನ್ನು ತಾವು ಆರಿಸಿದ ಸಭೆಯೇ ವಿಧಿಸಬೇಕೆಂಬುದು ಅಲ್ಲಿನವರಿಗೆ ಹೊಸ ಸಿದ್ಧಾಂತವಾಗಿರಲಿಲ್ಲ; ಮೂರ್ನಾಲ್ಕು ತಲೆಮಾರುಗಳಿಂದ ನಡೆದುಬಂದ ರೂಢಿಯಾಗಿತ್ತು. ಗವರ್ನರನ ಸಂಬಳವನ್ನು ಸಭೆಯೇ ಮಂಜೂರು ಮಾಡುತ್ತಿದ್ದ ಕಡೆಗಳಲ್ಲಿ, ದೊರೆಯ ಪ್ರತಿನಿಧಿಯೂ ಸಭೆಯ ಮುಖ ನೋಡಿ ನಡೆಯಬೇಕಿತ್ತು. ಆ ರೂಢಿಗೆ ಕೈ ಹಾಕಿದ ದಿನವೇ ಪ್ರತಿರೋಧ ಹುಟ್ಟುವುದು ಸಹಜವಾಗಿತ್ತು, ಕೆನಡಾದಲ್ಲಿ ಫ್ರೆಂಚರು ಇರಲಿ ಬಿಡಲಿ.

1765ರ ಅಕ್ಟೋಬರಿನಲ್ಲಿ ಒಂಬತ್ತು ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ ಬರೆದ ಮನವಿಯಲ್ಲಿ ಕಾಣುವುದು ಇಂಗ್ಲಿಷ್ ಪ್ರಜೆಯ ಹಕ್ಕಿನ ಮಾತೇ. ಅದಕ್ಕೂ ಮೊದಲು ಬಾಸ್ಟನ್ನಿನ ಬೀದಿಯ ಜನ ಸ್ಟಾಂಪ್ ವಿತರಕ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ಮರಕ್ಕೆ ನೇತುಹಾಕಿ ಅವನಿಂದ ರಾಜೀನಾಮೆ ಪಡೆದಿದ್ದರು. ಉಪರಾಜ್ಯಪಾಲ ಥಾಮಸ್ ಹಚಿನ್ಸನ್ನನ ಮನೆಯನ್ನು ಆಗಸ್ಟ್ 26ರ ರಾತ್ರಿ ಕೆಡವಿಹಾಕಿದ್ದರು. ಆ ಚಮ್ಮಾರರು, ಹಡಗುಕಟ್ಟೆಯ ಕೂಲಿಗಳು ಸಾಮ್ರಾಜ್ಯಗಳ ಪೈಪೋಟಿಯ ಲೆಕ್ಕ ಹಾಕುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಲೆಕ್ಕಪತ್ರ

ಮಲೆನಾಡ ಓದುಗರೇ, ಹಕ್ಕಿನ ಮಾತು ನಿಜ. ಆದರೆ ಹಕ್ಕಿಗೆ ಕೈ ಹಾಕುವ ಪ್ರಸಂಗ ಬಂದದ್ದು ಖಜಾನೆಯಿಂದ. ಯುದ್ಧಕ್ಕೆ ಮುನ್ನ ಏಳೂವರೆ ಕೋಟಿ ಪೌಂಡಿನಷ್ಟಿದ್ದ ಬ್ರಿಟನ್ನಿನ ರಾಷ್ಟ್ರೀಯ ಸಾಲ ಯುದ್ಧ ಮುಗಿಯುವಾಗ ಹದಿಮೂರು ಕೋಟಿಯ ಆಸುಪಾಸಿಗೆ ಏರಿತ್ತು. ಅದರ ಬಡ್ಡಿಯೇ ವರ್ಷಕ್ಕೆ ನಲವತ್ತು ಲಕ್ಷ ಪೌಂಡ್ ದಾಟುತ್ತಿತ್ತು. ಇಂಗ್ಲೆಂಡಿನ ಜಮೀನುದಾರರು ಪೌಂಡಿಗೆ ನಾಲ್ಕು ಷಿಲ್ಲಿಂಗ್, ಅಂದರೆ ಐದನೆಯ ಒಂದು ಭಾಗ, ಭೂತೆರಿಗೆ ಕಟ್ಟುತ್ತಿದ್ದರು. 1763ರಲ್ಲಿ ಸೇಬಿನ ಮದ್ಯದ ಮೇಲೆ ತೆರಿಗೆ ಹಾಕಿದಾಗ ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲೇ ಗಲಭೆಗಳಾದವು. ಹೀಗಿರುವಾಗ, ಗೆದ್ದ ನೆಲವನ್ನು ಕಾಯಲು ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ಸೈನಿಕರನ್ನು ಇಡುವುದೆಂದು ತೀರ್ಮಾನವಾಯಿತು. ಅದರ ಖರ್ಚಿನ ಒಂದು ಪಾಲನ್ನಾದರೂ ವಸಾಹತುಗಳು ಹೊರಲಿ ಎಂದು ಪ್ರಧಾನಿ ಗ್ರೆನ್ವಿಲ್ ಹೇಳಿದ್ದು ಲಂಡನ್ನಿನ ದೃಷ್ಟಿಯಲ್ಲಿ ಅನ್ಯಾಯವೇನೂ ಆಗಿರಲಿಲ್ಲ. ಸ್ಟಾಂಪ್ ಸುಂಕ ಇಂಗ್ಲೆಂಡಿನಲ್ಲಿ 1694ರಿಂದಲೇ ಇತ್ತು.

ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಕಾಕಂಬಿಯ ಕಥೆ. ನ್ಯೂ ಇಂಗ್ಲೆಂಡಿನ ರಮ್ ಭಟ್ಟಿಗಳಿಗೆ ಬೇಕಾದ ಕಬ್ಬಿನ ಕಾಕಂಬಿ ಫ್ರೆಂಚ್ ದ್ವೀಪಗಳಲ್ಲಿ ಅಗ್ಗವಾಗಿ ಸಿಗುತ್ತಿತ್ತು. ಬ್ರಿಟಿಷ್ ದ್ವೀಪಗಳ ಸಕ್ಕರೆ ಸಾಹುಕಾರರು ಪಾರ್ಲಿಮೆಂಟಿನಲ್ಲಿ ಪ್ರಭಾವ ಬೀರಿ 1733ರಲ್ಲಿ ಹೊರಗಿನ ಕಾಕಂಬಿಗೆ ಗ್ಯಾಲನ್ನಿಗೆ ಆರು ಪೆನ್ಸ್ ಸುಂಕ ಹಾಕಿಸಿದರು. ಯಾರೂ ಕಟ್ಟಲಿಲ್ಲ, ಸುಂಕದವರಿಗೆ ಒಂದಿಷ್ಟು ಕೈಬಿಸಿ ಮಾಡಿ ಮಾಲು ಇಳಿಸಿಕೊಳ್ಳುವುದು ಪದ್ಧತಿಯಾಯಿತು. ಸಪ್ತವಾರ್ಷಿಕ ಯುದ್ಧ ನಡೆಯುತ್ತಿದ್ದಾಗಲೂ ರೋಡ್ ಐಲೆಂಡ್ ಮತ್ತು ನ್ಯೂಯಾರ್ಕಿನ ವರ್ತಕರು, ಕೈದಿಗಳ ವಿನಿಮಯದ ನೆಪದಲ್ಲಿ ಶಾಂತಿಯ ಬಾವುಟ ಹಾರಿಸಿಕೊಂಡು, ಶತ್ರುವಿನ ದ್ವೀಪಗಳಿಗೆ ಸರಕು ಮಾರುತ್ತಿದ್ದರು. ಇದನ್ನು ತಡೆಯಲು ಸುಂಕದ ಅಧಿಕಾರಿಗಳು ಯಾವ ಮನೆಯನ್ನಾದರೂ ಶೋಧಿಸುವ ಸಾಮಾನ್ಯ ಅಧಿಕಾರಪತ್ರಗಳನ್ನು ಬಳಸಿದರು. ಎರಡನೆಯ ಜಾರ್ಜ್ 1760ರಲ್ಲಿ ತೀರಿಕೊಂಡಾಗ ಆ ಪತ್ರಗಳನ್ನು ಹೊಸದಾಗಿ ಪಡೆಯಬೇಕಾಯಿತು. ಅದನ್ನು ವಿರೋಧಿಸಿ ಜೇಮ್ಸ್ ಓಟಿಸ್ 1761ರಲ್ಲಿ ಬಾಸ್ಟನ್ನಿನ ನ್ಯಾಯಾಲಯದಲ್ಲಿ ಮಾಡಿದ ವಾದವನ್ನೇ ಜಾನ್ ಆಡಮ್ಸ್ ಮುಂದೆ ಕ್ರಾಂತಿಯ ಹುಟ್ಟೆಂದು ನೆನೆದ. ಅಂದರೆ ನೀವು ಹೇಳುವ ಹಕ್ಕಿನ ವಾದವೇ, ಫ್ರೆಂಚ್ ಕಾಕಂಬಿಯ ಕಳ್ಳಸಾಗಣೆಯನ್ನು ಹಿಡಿಯಹೊರಟ ಪ್ರಯತ್ನದಿಂದ ರೂಪು ಪಡೆಯಿತು.

1764ರ ಸಕ್ಕರೆ ಕಾಯ್ದೆ ಈ ಸುಂಕವನ್ನು ಆರರಿಂದ ಮೂರು ಪೆನ್ಸಿಗೆ ಇಳಿಸಿತು, ಆದರೆ ಈ ಬಾರಿ ವಸೂಲಿಯನ್ನು ಬಿಗಿ ಮಾಡಿತು. ಇಳಿದ ತೆರಿಗೆಗೆ ಜನ ಸಿಟ್ಟಾದರು ಎಂಬುದು ಮೇಲ್ನೋಟಕ್ಕೆ ವಿಚಿತ್ರ. ಹೆಚ್ಚಿನ ದರವಿದ್ದೂ ವಸೂಲಾಗದ ತೆರಿಗೆಗಿಂತ ಕಡಿಮೆ ದರದ, ಖಂಡಿತ ವಸೂಲಾಗುವ ತೆರಿಗೆ ಭಾರವೆಂದು ವ್ಯಾಪಾರಿಗೆ ಬೇಗ ತಿಳಿಯುತ್ತದೆ.

ಹಳೆಭೂಪಟ

ಲೆಕ್ಕಪತ್ರ ಅವರಿಗೆ ಧನ್ಯವಾದಗಳು. ಫ್ರೆಂಚರು ಇರಲಿ ಬಿಡಲಿ ಪ್ರತಿರೋಧ ಬರುತ್ತಿತ್ತು ಎಂಬ ಮಾತಿಗೆ ನನ್ನ ಉತ್ತರ, ಆ ಕಾಲದವರೇ ಈ ಪ್ರಶ್ನೆಯನ್ನು ಎತ್ತಿದ್ದರು ಎಂಬುದು. 1760ರ ಸುಮಾರಿಗೆ ಲಂಡನ್ನಿನಲ್ಲಿ ಒಂದು ಬಿಸಿ ಚರ್ಚೆ ನಡೆದಿತ್ತು: ಶಾಂತಿ ಒಪ್ಪಂದದಲ್ಲಿ ಕೆನಡಾವನ್ನು ಉಳಿಸಿಕೊಳ್ಳಬೇಕೋ, ಸಕ್ಕರೆ ಬೆಳೆಯುವ ಗ್ವಾಡಲೂಪ್ ದ್ವೀಪವನ್ನೋ? ಹಿಮ ಸುರಿಯುವ ಕಾಡಿಗಿಂತ ಸಕ್ಕರೆಯ ದ್ವೀಪವೇ ಲಾಭವೆಂದವರ ವಾದದಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು. ಬೆನ್ನಿಗೆ ಫ್ರೆಂಚರ ಭಯ ಇಲ್ಲದಿದ್ದರೆ ವಸಾಹತುಗಳು ಮಾತೃದೇಶದ ಹಂಗನ್ನು ಹರಿದುಕೊಂಡಾವು ಎಂದು ಅವರು ಬರೆದರು. ಇದಕ್ಕೆ ಉತ್ತರವಾಗಿ ಕೆನಡಾದ ಪರ ಕರಪತ್ರ ಬರೆದವನು ಬೆಂಜಮಿನ್ ಫ್ರಾಂಕ್ಲಿನ್. ಫ್ರೆಂಚರ ವಿರುದ್ಧವೇ ಒಂದಾಗದ ವಸಾಹತುಗಳು ತಮ್ಮದೇ ದೇಶದ ವಿರುದ್ಧ ಒಂದಾಗುವುದು ಎಲ್ಲಿಯ ಮಾತು, ಘೋರ ದಬ್ಬಾಳಿಕೆ ನಡೆದರೆ ಮಾತ್ರ ಅದು ಸಾಧ್ಯ ಎಂದು ಅವನು ವಾದಿಸಿದ. ಅವನ ಅನುಭವವೂ ಹಾಗೆಯೇ ಇತ್ತು. 1754ರಲ್ಲಿ ಆಲ್ಬನಿಯಲ್ಲಿ ಅವನು ಮುಂದಿಟ್ಟ ಒಕ್ಕೂಟದ ಯೋಜನೆಯನ್ನು ಒಂದು ವಸಾಹತಿನ ಸಭೆಯೂ ಒಪ್ಪಿರಲಿಲ್ಲ.

ಮೇಲೆ ಹೆಸರು ಬಂದ ಹಚಿನ್ಸನ್ ಮುಂದೆ ಮ್ಯಾಸಚೂಸೆಟ್ಸ್‌ನ ಗವರ್ನರನಾಗಿದ್ದಾಗ, 1773ರಲ್ಲಿ, ಕೆನಡಾ ಫ್ರೆಂಚರ ಕೈಯಲ್ಲೇ ಉಳಿದಿದ್ದರೆ ಮಾತೃದೇಶದ ವಿರುದ್ಧ ಈ ಪ್ರವೃತ್ತಿ ಇನ್ನೂ ತಲೆಯೆತ್ತುತ್ತಿರಲಿಲ್ಲ ಎಂಬ ಅಭಿಪ್ರಾಯವನ್ನು ಲಂಡನ್ನಿಗೆ ಬರೆದ. ಅವನು ಪಕ್ಷಪಾತಿ, ಒಪ್ಪಿದೆ. ಆದರೆ ಎರಡೂ ಕಾಲವನ್ನು ಒಳಗಿನಿಂದ ಕಂಡವನು.

ತುಂಗಾತೀರ

ಇಷ್ಟು ಹೊತ್ತು ನಡೆದ ಚರ್ಚೆಯಲ್ಲಿ ಓಹಾಯೋ ಕಣಿವೆ ಬಂತು, ಆದರೆ ಅಲ್ಲಿ ವಾಸವಾಗಿದ್ದವರು ಒಂದೇ ಹೆಸರಿನಲ್ಲಿ ಬಂದು ಹೋದರು. ಶಾನಿ, ಡೆಲಾವೇರ್, ಮಿಂಗೋ, ಒಟಾವ ಮುಂತಾದ ಮೂಲನಿವಾಸಿ ಸಮುದಾಯಗಳಿಗೆ ಎರಡು ಸಾಮ್ರಾಜ್ಯಗಳ ಪೈಪೋಟಿ ಒಂದು ರಕ್ಷಣೆಯಾಗಿತ್ತು. ಒಬ್ಬನ ಬೆಲೆ ಇಷ್ಟವಾಗದಿದ್ದರೆ ಇನ್ನೊಬ್ಬನ ಬಳಿ ಹೋಗಬಹುದಿತ್ತು; ಇಬ್ಬರೂ ಇವರ ಸ್ನೇಹಕ್ಕಾಗಿ ಉಡುಗೊರೆ ಕೊಡುತ್ತಿದ್ದರು. ಫ್ರೆಂಚರು ಹೊರಟ ಕೂಡಲೇ ಬ್ರಿಟಿಷ್ ಸೇನಾಪತಿ ಆಮ್ಹರ್ಸ್ಟ್ ಉಡುಗೊರೆಗಳನ್ನು ನಿಲ್ಲಿಸಿ, ಬೇಟೆಗೆ ಬೇಕಾದ ಮದ್ದುಗುಂಡನ್ನೂ ಮೊಟಕುಗೊಳಿಸಿದ. 1763ರ ಒಪ್ಪಂದದಲ್ಲಿ ತಮ್ಮನ್ನು ಕೇಳದೆಯೇ ತಮ್ಮ ನೆಲವನ್ನು ಫ್ರಾನ್ಸ್ ಬ್ರಿಟನ್ನಿಗೆ ಬರೆದುಕೊಟ್ಟ ಸುದ್ದಿ ಅದರ ಮೇಲೆ ಬಂತು. ಒಟಾವ ನಾಯಕ ಪಾಂಟಿಯಾಕ್ ಹೆಸರಿನಲ್ಲಿ ನಾವು ಕರೆಯುವ ಯುದ್ಧದಲ್ಲಿ ಪಶ್ಚಿಮದ ಬ್ರಿಟಿಷ್ ಠಾಣೆಗಳು ಒಂದರ ಮೇಲೊಂದು ಬಿದ್ದವು, ಡಿಟ್ರಾಯಿಟ್ ಮತ್ತು ಪಿಟ್ ಕೋಟೆಗಳು ಮುತ್ತಿಗೆಗೆ ಸಿಕ್ಕಿದವು.

ಅದೇ ವರ್ಷದ ಅಕ್ಟೋಬರ್ 7ರ ರಾಜಘೋಷಣೆಯು ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ವಸಾಹತುಗಾರರು ನೆಲೆಸಕೂಡದೆಂದಿತು. ಲಂಡನ್ನಿಗೆ ಇದು ಖರ್ಚು ಉಳಿಸುವ ಉಪಾಯ. ಆದರೆ ಆ ನೆಲಕ್ಕಾಗಿಯೇ ಯುದ್ಧ ಮಾಡಿದೆವು ಎಂದುಕೊಂಡಿದ್ದ ವರ್ಜೀನಿಯದವರಿಗೆ ಗೆದ್ದದ್ದು ಕೈಗೆ ಸಿಗಲಿಲ್ಲ. ವಾಷಿಂಗ್ಟನ್ 1767ರಲ್ಲಿ ತನ್ನ ಭೂಮಾಪಕನಿಗೆ ಪತ್ರ ಬರೆದು, ಈ ಘೋಷಣೆ ತಾತ್ಕಾಲಿಕವಾದದ್ದು, ಗುಟ್ಟಾಗಿ ಒಳ್ಳೆಯ ಜಮೀನು ಗುರುತಿಸಿಡು ಎಂಬರ್ಥದ ಸೂಚನೆ ಕೊಟ್ಟ. 1774ರ ಕ್ವಿಬೆಕ್ ಕಾಯ್ದೆ ಓಹಾಯೋ ನದಿಯವರೆಗಿನ ನೆಲವನ್ನು ಕ್ವಿಬೆಕ್ ಪ್ರಾಂತ್ಯಕ್ಕೆ ಸೇರಿಸಿ, ಕ್ಯಾಥೊಲಿಕರಿಗೆ ಧಾರ್ಮಿಕ ಸ್ವಾತಂತ್ರ್ಯವನ್ನೂ ಕೊಟ್ಟಾಗ, ಹಳೆಯ ಶತ್ರುವಿಗೇ ಮಣೆ ಹಾಕಿದಂತೆ ಅವರಿಗೆ ಕಂಡಿತು. ಸ್ವಾತಂತ್ರ್ಯ ಘೋಷಣೆಯ ದೂರುಗಳ ಪಟ್ಟಿಯಲ್ಲಿ ಕ್ವಿಬೆಕ್ ಕಾಯ್ದೆಯೂ ಇದೆ, ಮೂಲನಿವಾಸಿಗಳನ್ನು ಅನಾಗರಿಕರೆಂದು ಹಳಿಯುವ ಮಾತೂ ಇದೆ. ಹಕ್ಕಿನ ಭಾಷೆಯನ್ನು ಮೆಚ್ಚುವಾಗ ಅದೂ ಕಣ್ಣಿಗೆ ಬೀಳಬೇಕು.

ಮೈಸೂರಿನ ಮೇಷ್ಟ್ರು

ಚಹಾದ ವಿಷಯವನ್ನು ಎಲ್ಲರೂ ಬದಿಗಿಟ್ಟಿದ್ದೀರಿ. ಅದನ್ನು ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ಆ ದಾರಿಯಲ್ಲಿ ನಮ್ಮ ನಾಡೂ ಸಿಗುತ್ತದೆ.

1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು ಸಿಕ್ಕ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳ ಮೇಲೆ ಲಂಡನ್ನಿನಲ್ಲಿ ಹುಚ್ಚು ಸಟ್ಟಾ ನಡೆಯಿತು. ಸರ್ಕಾರವೂ 1767ರಿಂದ ಕಂಪನಿಯಿಂದ ವರ್ಷಕ್ಕೆ ನಾಲ್ಕು ಲಕ್ಷ ಪೌಂಡ್ ಕಿತ್ತುಕೊಳ್ಳತೊಡಗಿತು. ಆದರೆ 1769ರಲ್ಲಿ ಹೈದರ್ ಅಲಿ ತನ್ನ ಕುದುರೆ ಸವಾರರೊಂದಿಗೆ ಮದರಾಸಿನ ಬಾಗಿಲವರೆಗೆ ಬಂದು ಕಂಪನಿಯನ್ನು ಒಪ್ಪಂದಕ್ಕೆ ಕೂರಿಸಿದ. ಆ ವರ್ಷ ಹೈದರನ ಯುದ್ಧದ ಸುದ್ದಿ ಲಂಡನ್ನಿಗೆ ತಲುಪಿದಾಗ ಕಂಪನಿಯ ಷೇರು ಬೆಲೆ ಕುಸಿಯಿತು. ಅದರ ಹಿಂದೆಯೇ ಬಂಗಾಳದ ಭೀಕರ ಕ್ಷಾಮ, 1772ರಲ್ಲಿ ಲಂಡನ್ನಿನ ಬ್ಯಾಂಕುಗಳ ಕುಸಿತ. ಕಂಪನಿಯ ಗೋದಾಮುಗಳಲ್ಲಿ ಮಾರಾಟವಾಗದ ಚೀನಾದ ಚಹಾ ಕೋಟಿಗೂ ಹೆಚ್ಚು ಪೌಂಡ್ ತೂಕದಷ್ಟು ಬಿದ್ದಿತ್ತು.

ಕಂಪನಿಯನ್ನು ದಿವಾಳಿಯಾಗಲು ಬಿಟ್ಟರೆ ಸರ್ಕಾರದ ಆದಾಯಕ್ಕೇ ಪೆಟ್ಟು. ಆದ್ದರಿಂದ ಪಾರ್ಲಿಮೆಂಟು 1773ರಲ್ಲಿ ಕಂಪನಿಗೆ ಹದಿನಾಲ್ಕು ಲಕ್ಷ ಪೌಂಡ್ ಸಾಲ ಕೊಟ್ಟಿತು. ಬಂಗಾಳದಲ್ಲಿ ಗವರ್ನರ್ ಜನರಲ್ ಹುದ್ದೆ ಸೃಷ್ಟಿಸಿದ ನಿಯಂತ್ರಣ ಕಾಯ್ದೆಯನ್ನೂ, ಚಹಾವನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಿ ತನಗೆ ಬೇಕಾದ ವರ್ತಕರ ಮೂಲಕ ಮಾರುವ ಅವಕಾಶ ಕೊಟ್ಟ ಚಹಾ ಕಾಯ್ದೆಯನ್ನೂ ಅದೇ ವರ್ಷ ತಂದಿತು. ವಾರನ್ ಹೇಸ್ಟಿಂಗ್ಸ್‌ನ ಅಧಿಕಾರವನ್ನೂ ಬಾಸ್ಟನ್ನಿನ ಗಲಭೆಯನ್ನೂ ನಾವು ಬೇರೆಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಎರಡರ ಹಿಂದೆಯೂ ಇದ್ದದ್ದು ಒಂದೇ ಕಂಪನಿಯ ಮುಗ್ಗಟ್ಟು. ಈ ಕಾಯ್ದೆಯಿಂದ ಚಹಾ ಅಗ್ಗವಾಗುತ್ತಿತ್ತು ಎಂಬುದನ್ನೂ ಗಮನಿಸಬೇಕು. ಡಚ್ಚರಿಂದ ಕಳ್ಳಸಾಗಣೆ ಮಾಡುತ್ತಿದ್ದವರಿಗೂ, ಕಂಪನಿಯ ಆಯ್ಕೆಯಿಂದ ಹೊರಗುಳಿದ ವರ್ತಕರಿಗೂ ನಷ್ಟ. ಅಗ್ಗದ ಚಹಾ ಕುಡಿದರೆ ಒಂದು ಪೌಂಡ್ ತೂಕಕ್ಕೆ ಮೂರು ಪೆನ್ಸ್ ಸುಂಕವನ್ನೂ, ಅದರ ಹಿಂದಿನ ಪಾರ್ಲಿಮೆಂಟಿನ ಅಧಿಕಾರವನ್ನೂ ಒಪ್ಪಿದಂತಾಗುತ್ತದೆ ಎಂಬುದು ಉಳಿದವರ ಆತಂಕ. ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ ಅದೇ ವರ್ಷ ಬರೆದ ಪತ್ರವೊಂದರಲ್ಲಿ, ಏಷ್ಯಾದಲ್ಲಿ ಜನರನ್ನು ಹಸಿವಿಗೆ ದೂಡಿದ ಈ ಕಂಪನಿ ಈಗ ಅಮೆರಿಕದತ್ತ ಕಣ್ಣು ಹಾಕಿದೆ ಎಂದು ಎಚ್ಚರಿಸಿದ. ಡಿಸೆಂಬರ್ 16ರಂದು ಬಾಸ್ಟನ್ನಿನಲ್ಲಿ ಮೂರು ಹಡಗುಗಳ ಚಹಾ ಕಡಲು ಸೇರಿತು. ಅದಕ್ಕೆ ಶಿಕ್ಷೆಯಾಗಿ ಮುಂದಿನ ಜೂನ್ 1ರಿಂದ ಬಾಸ್ಟನ್ ಬಂದರು ಮುಚ್ಚಿತು.

ಮಲೆನಾಡ ಓದುಗ

ಮೇಷ್ಟ್ರೇ, ಷೇರು ಕುಸಿತಕ್ಕೂ ಚಹಾ ಕಾಯ್ದೆಗೂ ನಡುವೆ ನಾಲ್ಕು ವರ್ಷಗಳಿವೆ. ಹೈದರನಿಂದ ಬಾಸ್ಟನ್ನಿಗೆ ಗೆರೆ ಎಳೆಯುವುದು ನಾಡಿನ ಅಭಿಮಾನದಿಂದಲೇ ಹೊರತು ಆಧಾರದಿಂದಲ್ಲ ಎಂದು ನನ್ನ ಅನುಮಾನ. ಪೈಪೋಟಿಯೇ ಮೂಲವೆನ್ನುವವರು ಇನ್ನೊಂದಕ್ಕೂ ಉತ್ತರಿಸಬೇಕು: ಬ್ರಿಟನ್ನಿಗೆ ಆಗ ಅಟ್ಲಾಂಟಿಕ್‌ನ ಆಚೆ ಇದ್ದದ್ದು ಹದಿಮೂರೇ ವಸಾಹತುಗಳಲ್ಲ. ಜಮೈಕ, ಬಾರ್ಬಡೋಸ್, ನೋವಾ ಸ್ಕೋಶಿಯ ಎಲ್ಲವೂ ಅದೇ ಪಾರ್ಲಿಮೆಂಟಿನ ಕೆಳಗಿದ್ದವು. ಅವು ಏಕೆ ಬಂಡೇಳಲಿಲ್ಲ?

ಮೈಸೂರಿನ ಮೇಷ್ಟ್ರು

ಹೈದರನೊಬ್ಬನೇ ಕಾರಣವೆಂದು ನಾನು ಹೇಳಿಲ್ಲ. ಕ್ಷಾಮ ಮತ್ತು ಬ್ಯಾಂಕುಗಳ ಕುಸಿತ ಅದಕ್ಕಿಂತ ದೊಡ್ಡ ಪೆಟ್ಟುಗಳು. ಯುದ್ಧವೆಚ್ಚ ಕಂಪನಿಯ ನಿಶ್ಶಕ್ತಿಯ ಒಂದು ಭಾಗ ಎಂಬಷ್ಟೇ ನನ್ನ ಮಾತು. ಈ ಎರಡು ಖಂಡಗಳ ನಂಟು ಅದಕ್ಕಿಂತ ಹಳೆಯದು. 1745ರಲ್ಲಿ ನ್ಯೂ ಇಂಗ್ಲೆಂಡಿನ ರೈತರೂ ಮೀನುಗಾರರೂ ಸೇರಿ ಪ್ರಾಣ ಕೊಟ್ಟು ಗೆದ್ದ ಕೆನಡಾದ ಫ್ರೆಂಚ್ ಕೋಟೆ ಲೂಯಿಬರ್ಗನ್ನು 1748ರ ಒಪ್ಪಂದದಲ್ಲಿ ಬ್ರಿಟನ್ ಫ್ರಾನ್ಸಿಗೆ ಮರಳಿಸಿತು. ಪ್ರತಿಯಾಗಿ ಬ್ರಿಟನ್ನಿಗೆ ಸಿಕ್ಕಿದ್ದು ಫ್ರೆಂಚರು ಕಿತ್ತುಕೊಂಡಿದ್ದ ಮದರಾಸು. ಬಾಸ್ಟನ್ನಿನವರು ಇದನ್ನು ಬಹುಕಾಲ ಮರೆಯಲಿಲ್ಲ.

ಲೆಕ್ಕಪತ್ರ

ಜಮೈಕದ ಪ್ರಶ್ನೆ ಒಳ್ಳೆಯದು, ಆದರೆ ಅದು ಹಳೆಭೂಪಟ ಅವರ ವಾದವನ್ನೇ ಬಲಪಡಿಸುತ್ತದೆ. ಸಕ್ಕರೆ ದ್ವೀಪಗಳು ಸ್ಟಾಂಪ್ ಸುಂಕವನ್ನು ಉತ್ತರದವರಷ್ಟೇ ದ್ವೇಷಿಸಿದವು. ಸೇಂಟ್ ಕಿಟ್ಸ್ ಮತ್ತು ನೆವಿಸ್‌ನಲ್ಲಿ ಗಲಭೆಗಳೂ ಆದವು. ಆದರೂ 1774ರ ಡಿಸೆಂಬರಿನಲ್ಲಿ ಜಮೈಕದ ಸಭೆ ದೊರೆಗೆ ಬರೆದ ಮನವಿಯಲ್ಲಿ ಉತ್ತರದ ವಸಾಹತುಗಳ ಹಕ್ಕನ್ನು ಬೆಂಬಲಿಸುತ್ತಲೇ, ಇಷ್ಟೊಂದು ಗುಲಾಮರ ನಡುವೆ ಬದುಕುವ ತಾವು ಪ್ರತಿಭಟಿಸುವಷ್ಟು ಬಲವುಳ್ಳವರಲ್ಲ ಎಂದು ಒಪ್ಪಿಕೊಂಡಿತು. ಒಳಗೆ ಗುಲಾಮರ ದಂಗೆಯ ಭಯ, ಹೊರಗೆ ಕೂಗಳತೆಯಲ್ಲಿ ಫ್ರೆಂಚ್ ಮಾರ್ಟಿನಿಕ್ ಮತ್ತು ಗ್ವಾಡಲೂಪ್. ಬ್ರಿಟಿಷ್ ನೌಕಾಪಡೆ ಇಲ್ಲದೆ ಒಂದು ದಿನ ಕಳೆಯುವ ಧೈರ್ಯ ಅವರಿಗಿರಲಿಲ್ಲ. ಉತ್ತರದ ಹದಿಮೂರು ವಸಾಹತುಗಳಿಗೆ 1763ರ ನಂತರ ಆ ಭಯ ಹೋಗಿತ್ತು. ಹಕ್ಕಿನ ಕಲ್ಪನೆ ಎರಡೂ ಕಡೆ ಒಂದೇ ಇದ್ದು, ರಕ್ಷಣೆಯ ಅಗತ್ಯ ಬೇರೆ ಇದ್ದಲ್ಲಿ ಫಲ ಬೇರೆಯಾಯಿತು.

ಮಲೆನಾಡ ಓದುಗ

ರಕ್ಷಣೆಯ ಅಗತ್ಯ ತಗ್ಗಿದ್ದರಿಂದ ಬಂಡಾಯ ಸಾಧ್ಯವಾಯಿತು ಎಂದರೆ ಒಪ್ಪುತ್ತೇನೆ. ಸಾಧ್ಯವಾದದ್ದೆಲ್ಲ ಆಗಿಯೇ ತೀರುತ್ತದೆ ಎಂದರೆ ಒಪ್ಪುವುದಿಲ್ಲ. 1766ರಲ್ಲಿ ಸ್ಟಾಂಪ್ ಕಾಯ್ದೆಯನ್ನು ಹಿಂತೆಗೆದಾಗ ವಸಾಹತುಗಳಲ್ಲಿ ದೊರೆಯ ಹೆಸರಿನಲ್ಲಿ ದೀಪೋತ್ಸವಗಳು ನಡೆದವು. ಪಾರ್ಲಿಮೆಂಟು ಅದೇ ದಿನ, ವಸಾಹತುಗಳನ್ನು ಎಲ್ಲ ವಿಷಯಗಳಲ್ಲೂ ಬಂಧಿಸುವ ಅಧಿಕಾರ ತನಗಿದೆಯೆಂಬ ಘೋಷಣಾ ಕಾಯ್ದೆಯನ್ನು ಹಟಕ್ಕೆ ಬಿದ್ದಂತೆ ಸೇರಿಸದೆ ಇದ್ದಿದ್ದರೆ, 1768ರಲ್ಲಿ ಬಾಸ್ಟನ್ನಿಗೆ ಸೈನ್ಯ ಕಳಿಸದೆ ಇದ್ದಿದ್ದರೆ, 1770ರ ಮಾರ್ಚ್ 5ರಂದು ಬೀದಿಯಲ್ಲಿ ಐವರು ಗುಂಡಿಗೆ ಬಲಿಯಾಗುತ್ತಿರಲಿಲ್ಲ. ಅವು ಮನುಷ್ಯರು ತೆಗೆದುಕೊಂಡ ತೀರ್ಮಾನಗಳು.

ಹಳೆಭೂಪಟ

ಅದು ನ್ಯಾಯವಾದ ಮಾತು. ಕಾರಣವನ್ನು ಹೇಳುವುದು ಹೊಣೆಯನ್ನು ಅಳಿಸುವುದಲ್ಲ. ಆದರೆ ಬಂಡಾಯವು ಕ್ರಾಂತಿಯಾಗಿ ಗೆದ್ದದ್ದರಲ್ಲಿ ಪೈಪೋಟಿಯ ಪಾಲನ್ನು ನಿರಾಕರಿಸಲಾಗದು. 1763ರ ಅವಮಾನವನ್ನು ಫ್ರಾನ್ಸ್ ಮರೆತಿರಲಿಲ್ಲ. ಮಂತ್ರಿ ಶ್ವಾಸೆಲ್ ನೌಕಾಪಡೆಯನ್ನು ಮತ್ತೆ ಕಟ್ಟಿದ. 1767-68ರಲ್ಲೇ ದ ಕಾಲ್ಬ್ ಎಂಬ ಅಧಿಕಾರಿಯನ್ನು ಅಮೆರಿಕದ ಅಸಮಾಧಾನ ಎಷ್ಟಿದೆ ಎಂದು ನೋಡಿಬರಲು ಗುಟ್ಟಾಗಿ ಕಳಿಸಿದ. ಅವನ ನಂತರ ಬಂದ ವೆರ್ಜೆನ್, ನಾಟಕಕಾರ ಬೋಮಾರ್ಶೆಯ ಹೆಸರಿಗಷ್ಟೇ ಇದ್ದ ವ್ಯಾಪಾರಿ ಸಂಸ್ಥೆಯ ಮೂಲಕ 1776ರಿಂದ ಬಂದೂಕು ಮತ್ತು ಮದ್ದನ್ನು ಸಾಗಿಸಿದ. ಸರಟೋಗದಲ್ಲಿ ಬ್ರಿಟಿಷ್ ಸೈನ್ಯ ಶರಣಾದ ಮೇಲೆ, 1778ರ ಫೆಬ್ರವರಿ 6ರಂದು ಫ್ರಾನ್ಸ್ ಬಹಿರಂಗವಾಗಿ ಕೈಜೋಡಿಸಿತು. ಅಂದಿನಿಂದ ಬ್ರಿಟನ್ನಿಗೆ ಅಮೆರಿಕವು ಹಲವು ರಣರಂಗಗಳಲ್ಲಿ ಒಂದಾಯಿತು. ಆ ವರ್ಷ ಫಿಲಡೆಲ್ಫಿಯವನ್ನು ತೆರವು ಮಾಡಿದ ಸೇನಾಪತಿ ಕ್ಲಿಂಟನ್ ಐದು ಸಾವಿರ ಸೈನಿಕರನ್ನು ಕೆರಿಬಿಯನ್ನಿಗೆ ಕಳಿಸಬೇಕಾಯಿತು. ಫ್ರಾನ್ಸ್ ಈ ಸೇಡಿಗಾಗಿ ನೂರು ಕೋಟಿ ಲಿವ್ರ್‌ಗೂ ಹೆಚ್ಚು ಸುರಿಯಿತು. 1788ರ ಹೊತ್ತಿಗೆ ಅದರ ಸರ್ಕಾರಿ ಖರ್ಚಿನ ಅರ್ಧದಷ್ಟು ಸಾಲಕ್ಕೇ ಹೋಗುತ್ತಿತ್ತು. ಹೊಸ ತೆರಿಗೆಗಾಗಿ ದೊರೆ ಕರೆದ ಮಹಾಸಭೆಯೇ 1789ರ ಕ್ರಾಂತಿಯ ಬಾಗಿಲಾಯಿತು.

ಮೈಸೂರಿನ ಮೇಷ್ಟ್ರು

ಅದೇ 1778ರಲ್ಲಿ ಯುದ್ಧ ನಮ್ಮ ಕಡೆಗೂ ಬಂತು. ಬ್ರಿಟಿಷರು ಪಾಂಡಿಚೇರಿಯನ್ನು ಹಿಡಿದರು. 1779ರ ಮಾರ್ಚಿನಲ್ಲಿ, ತನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಎಚ್ಚರಿಸಿದ್ದ ಫ್ರೆಂಚ್ ಬಂದರು ಮಾಹೆಯನ್ನೂ ಹಿಡಿದರು. ಅವನಿಗೆ ಮದ್ದುಗುಂಡು ಬರುತ್ತಿದ್ದದ್ದು ಅದೇ ದಾರಿಯಲ್ಲಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರನ ಕಡೆಯವರಿಂದ ಬ್ರಿಟಿಷ್ ಅಧಿಕಾರಿ ಬೇಯ್ಲಿಯ ಸೈನ್ಯ ನುಚ್ಚುನೂರಾಯಿತು. ಈ ಸುದ್ದಿಗಳು ಅಮೆರಿಕಕ್ಕೂ ಮುಟ್ಟುತ್ತಿದ್ದವು. ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟರು, ಅದು 1782ರ ಏಪ್ರಿಲಿನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

ಆದರೆ ಯುರೋಪಿನ ಪೈಪೋಟಿಯನ್ನು ನಂಬಿದವರ ಪಾಡು ಎಲ್ಲ ಕಡೆ ಒಂದೇ ಆಗಲಿಲ್ಲ. 1783ರಲ್ಲಿ ಶಾಂತಿಯ ಸುದ್ದಿ ಕಡಲೂರಿಗೆ ಬಂದೊಡನೆ ಫ್ರೆಂಚರು ಕತ್ತಿ ಕೆಳಗಿಟ್ಟರು. ಮಂಗಳೂರಿಗೆ ಮುತ್ತಿಗೆ ಹಾಕಿದ್ದ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ತುಕಡಿಯೂ ಹಿಂದೆಗೆಯಿತು. ಅಮೆರಿಕದವರಿಗೆ ಆ ಶಾಂತಿ ಸ್ವಾತಂತ್ರ್ಯ ತಂದಿತು. ಟಿಪ್ಪು ಒಂಟಿಯಾಗಿ ಹೋರಾಡಿ 1784ರ ಮಾರ್ಚ್ 11ರಂದು ಸಮಬಲದ ಒಪ್ಪಂದ ಮಾಡಿಕೊಂಡ. ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೂ ಫ್ರೆಂಚರಿಗೂ ಶರಣಾಗಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದ, 1792ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದ. ಆ ಹೊತ್ತಿಗೆ ಫ್ರಾನ್ಸ್ ತನ್ನದೇ ಕ್ರಾಂತಿಯಲ್ಲಿ ಮುಳುಗಿತ್ತು, ಟಿಪ್ಪು ಕೇಳಿದ್ದ ಸೈನ್ಯ ಬರಲಿಲ್ಲ.